ಕೇಳದೆ ನಡೆದ ದಾರಿ

"ಆ ಹುಲ್ಲುಗಾವಲಿನಲ್ಲಿ ಓಡಾಡೋದಕ್ಕೆ ನೀವು ಯಾವತ್ತಾದರೂ ಯಾರ ಅಪ್ಪಣೇನಾದರೂ ಕೇಳಿದ್ದುಂಟಾ?" ಎಂದು ಕೊನೆಯ ಸಾಕ್ಷಿಯನ್ನು ಕೇಳಿದ ವಿಚಾರಣಾಧಿಕಾರಿ.

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಹೆಸ್ಟರ್ ಕುರ್ಚಿಯ ತುದಿಗೆ ಸರಿದಳು. ನೆದರ್‌ಕೂಂಬ್ ಹಳ್ಳಿಯಿಂದ ಆ ಹುಲ್ಲುಗಾವಲು ಹಾದು ಹಳೆಯ ಚರ್ಚಿಗೆ ಹೋಗುವ ಕಾಲುದಾರಿಯ ಗೇಟಿಗೆ ಹೊಸ ಜಮೀನುದಾರ ಬೀಗ ಜಡಿದು ವರ್ಷದ ಮೇಲಾಗಿತ್ತು. ಇಪ್ಪತ್ತು ವರ್ಷ ಯಾರನ್ನೂ ಕೇಳದೆ ಜನ ನಡೆದಿದ್ದರೆ ದಾರಿ ಊರಿನದು. ಕೇಳಿ ನಡೆದಿದ್ದರೆ ಅದು ಬರೀ ಜಮೀನುದಾರನ ಉಪಕಾರ. ಕಾನೂನು ಇಷ್ಟೇ. ಅದಕ್ಕಾಗಿ ಹೆಸ್ಟರ್ ಮನೆಮನೆ ಅಲೆದು ನಲವತ್ತೊಂದು ಸಾಕ್ಷಿಪತ್ರ ಬರೆಸಿದ್ದಳು, ಮುನ್ನೂರು ವರ್ಷದ ನಕಾಶೆಗಳನ್ನೆಲ್ಲ ಜಾಲಾಡಿದ್ದಳು. ಅವಳ ತಂಗಿ ಎಡಿತ್ ಮಣ್ಣಾದದ್ದು ಆ ಚರ್ಚಿನ ಅಂಗಳದಲ್ಲಿ. ಈ ದಾರಿ ಕೈತಪ್ಪಿದರೆ ಲಾರಿಗಳು ನುಗ್ಗುವ ರಸ್ತೆಯಲ್ಲಿ ಎರಡು ಮೈಲಿ ಸುತ್ತಬೇಕು, ಅವಳ ಮಂಡಿಯೋ ಮೆಟ್ಟಿಲಿಗೇ ಅಳುತ್ತದೆ.

ಕೊನೆಯ ಸಾಕ್ಷಿ ಅಂಬ್ರೋಸ್, ಎಂಬತ್ತೆರಡರ ಮುದುಕ, ಚರ್ಚಿನ ಗಂಟೆ ಬಾರಿಸುವವರಿಗೆಲ್ಲ ಹಿರಿಯ. ಅವನಷ್ಟು ಮರ್ಯಾದಸ್ಥ ಊರಲ್ಲಿ ಇನ್ನೊಬ್ಬನಿಲ್ಲ. ಆ ಮರ್ಯಾದೆಯೇ ನಮ್ಮೂರಿನ ರೋಗ. ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುವ ಜನ ನಾವು.

"ಕೇಳದೆ ಇರ್ತೀನಾ ಸ್ವಾಮಿ?" ಅಂದ ಅಂಬ್ರೋಸ್, ಅವಮಾನವಾದವನ ಹಾಗೆ. "ಪ್ರತಿ ಈಸ್ಟರಿಗೆ ಮುಂಚೆ ಒಂದು ಜಾಡಿ ಕಿತ್ತಳೆ ಮಾರ್ಮಲೇಡ್ ತಗೊಂಡು ಹಳೇ ಯಜಮಾನ್ರ ಹತ್ರ ಹೋಗ್ತಿದ್ದೆ. ನಮ್ಮೂರೋರೆಲ್ಲ ಈ ವರ್ಷಾನೂ ಓಡಾಡಬಹುದಾ ಅಂತ ಕೇಳ್ತಿದ್ದೆ. ಮೂವತ್ತು ವರ್ಷದಲ್ಲಿ ಒಂದು ಸಲಾನೂ ಇಲ್ಲ ಅನ್ಲಿಲ್ಲ, ಪುಣ್ಯಾತ್ಮ."

ಅಧಿಕಾರಿ ಬರೆದುಕೊಂಡ. ಜಮೀನುದಾರನ ವಕೀಲ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದ. ಮುದುಕನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು ಹೆಸ್ಟರ್‌ಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ನಾಲ್ಕು ಸಲ ಅವನಿಗೆ ಹೇಳಿಕೊಟ್ಟವಳು ಅವಳೇ. ಇದ್ದದ್ದೇನು ಎಂದು ಮಾತ್ರ ಕೇಳಿರಲಿಲ್ಲ.

ಹೊರಗೆ ಬಂದ ಮೇಲೆ, ಯಾಕೆ ಕೇಳಲು ಹೋದಿರಿ ಎಂದು ಹಲ್ಲು ಕಚ್ಚಿ ಕೇಳಿದಳು.

"ಇನ್ನೊಬ್ರ ಜಾಗದಲ್ಲಿ ಸುಮ್ನೆ ಕಾಲಿಡೋಕೆ ನಾವೇನು ಕಳ್ಳರೇನಮ್ಮ?" ಅಂದ ಅವನು. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

ದಾರಿ ಊರಿನದಲ್ಲ ಎಂದು ತೀರ್ಪಿನ ಕಾಗದ ಬಂದ ಮೇಲಿನ ಭಾನುವಾರ ಅಂಬ್ರೋಸ್ ಅವಳ ಬಾಗಿಲಿಗೆ ಬಂದ. ಕೈಯಲ್ಲಿ ಗೇಟಿನ ಬೀಗದ ಕೈ. ಹೊಸ ಯಜಮಾನನಿಗೂ ಒಂದು ಜಾಡಿ ಒಯ್ದು ಕೊಟ್ಟಿದ್ದನಂತೆ.

"ಭಾನುವಾರ ಮಾತ್ರ, ನಾವಿಬ್ರೇ. ಕೇಳಿದ್ರೆ ಕೊಡ್ತಾರೆ ಹೆಸ್ಟರ್, ಕೆಟ್ಟೋನಲ್ಲ ಅವನು."

"ಊರಿನ ದಾರೀಲಿ ನಂಗ್ಯಾಕೆ ಭಿಕ್ಷೆ?" ಎಂದು ಅವಳು ಹೂವಿನ ಬುಟ್ಟಿ ಎತ್ತಿಕೊಂಡು ರಸ್ತೆಗಿಳಿದಳು.

ಲಾರಿ ಬಂದಾಗಲೆಲ್ಲ ಪೊದೆಬೇಲಿಗೆ ಒತ್ತಿಕೊಂಡು ನಿಲ್ಲಬೇಕಾಗುತ್ತಿತ್ತು. ಬೇಲಿಯಾಚೆ, ಹುಲ್ಲುಗಾವಲಿನಲ್ಲಿ, ಅಂಬ್ರೋಸನ ಟೋಪಿ ಕಾಣುತ್ತಿತ್ತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು, ಅವಳು ನಡೆದರೆ ಅವಳ ಮಂಡಿಯ ಲೆಕ್ಕಕ್ಕೇ ಮುಂದೆ ಸಾಗುತ್ತಿತ್ತು. ರಸ್ತೆ ಹುಲ್ಲುಗಾವಲನ್ನು ಬಿಟ್ಟು ಎಡಕ್ಕೆ ಹೊರಳುವಲ್ಲಿ ಟೋಪಿ ನಿಂತಿತು. ಹೆಸ್ಟರ್ ನಿಲ್ಲಲಿಲ್ಲ.