ಪಕ್ಕದ ಸೀಟಿಗೆ ಒಂದೂ ಸುಕ್ಕಿಲ್ಲ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕಾರಿನಿಂದ ಶುರು ಮಾಡಿದರೆ ಜಾಹೀರಾತಾಗುತ್ತದೆ: ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಎರಡೇ ಸೀಟು, ಓಬೀರಾಯನ ಕಾಲದ್ದು, ಆದರೂ ಒಂದು ಗೀರಿಲ್ಲ. ಮುದುಕನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಕಣ್ಣೊರೆಸಿಕೊಳ್ಳಲು ತಯಾರಾಗುತ್ತೀರಿ. (ನಿಮ್ಮನ್ನು ನಾನು ಬಲ್ಲೆ.)

ಸರಿ, ಶೆಡ್ಡಿಗೇ ಹೋಗೋಣ. ನಿವೃತ್ತ ಹಲ್ಲಿನ ಡಾಕ್ಟರು ಕಾರಿನ ಹೊದಿಕೆ ತೆಗೆಯುತ್ತಿದ್ದಾರೆ. ನಾಳೆ ಬೆಳಿಗ್ಗೆ ಹಳೆ ಕಾರು ಸಂಗ್ರಹಿಸುವವನೊಬ್ಬ ಬಂದು ಇದನ್ನು ಒಯ್ಯುತ್ತಾನೆ. ಫೋಟೋದಲ್ಲಿ ಪಕ್ಕದ ಸೀಟು ನೋಡಿಯೇ ಅವನು ಮರುಳಾದದ್ದು. ಚರ್ಮಕ್ಕೆ ಒಂದು ಸುಕ್ಕೂ ಬಿದ್ದಿಲ್ಲ, ಯಾಕೆಂದರೆ ಡಾಕ್ಟರು ಅಲ್ಲಿ ಯಾರನ್ನೂ ಕೂರಿಸಿಲ್ಲ. ತೀರಿಹೋದ ಹೆಂಡತಿಯನ್ನೂ. ಆಕೆ ಇದ್ದಷ್ಟು ದಿನ ಬಸ್ಸಿನಲ್ಲೇ ಓಡಾಡಿದರು.

೨
(ಡಾಕ್ಟರು ಒಬ್ಬರೇ ಕಾರು ಓಡಿಸಿಕೊಂಡು ಹೋಗುವ ಕರಡನ್ನು ಹರಿದುಹಾಕಿದ್ದೇನೆ. ಅದು ಅವರ ಎಲ್ಲ ಭಾನುವಾರಗಳ ಕಥೆ.)

"ಡಾಕ್ಟ್ರೇ, ಯಾರನ್ನಾದ್ರೂ ಕರೀರಿ. ನೀವೊಬ್ರೇ ಇದ್ರೆ ನಂಗೂ ಭಣಭಣ ಅನ್ಸುತ್ತೆ," ಎಂದೆ.

"ಯಾರಿದಾರೆ ಕರಿಯೋಕೆ?"

"ಮಗಳು?"

ಅವರು ಬಾನೆಟ್ ಉಜ್ಜತೊಡಗಿದರು. ಉಜ್ಜುವಂಥದ್ದೇನೂ ಅಲ್ಲಿರಲಿಲ್ಲ. "ಚಿಕ್ಕೋಳಿದ್ದಾಗ ದಿನಾ ಗೋಗರೀತಿದ್ಲು, ಅಪ್ಪಾ ಒಂದೇ ಒಂದು ರೌಂಡು ಅಂತ. ಆಮೇಲೆ ಕೇಳೋದೇ ಬಿಟ್ಲು. ಈಗ ನಾನು ಕರೆದು, ಅವಳು ಬೇಡ ಅಂದ್ಬಿಟ್ರೆ?"

ಅಂದುಬಿಟ್ಟರೆ ನನ್ನ ಹತ್ತಿರವೂ ಉಪಾಯವಿಲ್ಲ. ಆದರೂ ಫೋನ್ ಮಾಡಿಸಿದೆ.

ಬಂದಳು. ನಲವತ್ತು ದಾಟಿದ ಹೆಂಗಸು, ಆಫೀಸಿನಿಂದ ನೇರವಾಗಿ. ಶೆಡ್ಡಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.

(ಬಿಡಿಸಿದ್ದು ನಾನಲ್ಲ. ಅದು ಆ ಮನೆಯ ಕಾಯಿದೆ.)

೩
ಮುಕ್ತಾಯ ಒಂದು: ಅಪ್ಪ, ಮಗಳು, ಸಮುದ್ರದ ದಾರಿ, ಗಾಳಿಗೆ ಹಾರುವ ಕೂದಲು...

"ಟ್ಯಾಂಕಲ್ಲಿ ಪೆಟ್ರೋಲೇ ಇಲ್ಲ ರೀ," ಡಾಕ್ಟರು ನಡುವೆ ಬಾಯಿ ಹಾಕಿದರು. "ನಿಲ್ಸಿಡೋ ಗಾಡೀಲಿ ಬಿಡಬಾರ್ದು, ಅಂಟುಕಟ್ಟುತ್ತೆ. ಮಾರೋದು ಅಂತಾದ್ಮೇಲೆ ನಾನೇ ಖಾಲಿ ಮಾಡಿಟ್ಟಿದೀನಿ."

ಇಷ್ಟು ಜೋಪಾನ ಮಾಡುವವರಿಗೆ ಏನು ಹೇಳುವುದು! ಸಮುದ್ರ ಕ್ಯಾನ್ಸಲ್.

ಮುಕ್ತಾಯ ಎರಡು: ನಿಂತ ಕಾರಿನಲ್ಲೇ ಕೂರುವುದು. ಡಾಕ್ಟರು ಬಾಗಿಲು ತೆಗೆದು ಹಿಡಿದರು.

"ನಾಳೆ ಅವ್ರು ಬಂದು ನೋಡ್ತಾರಲ್ಲಪ್ಪಾ. ಸುಕ್ಕು ಬಿದ್ರೆ?"

"ಬೀಳ್ಲಿ. ಕೂತ್ಕೋ."

ಕೂತಳು. ಬ್ಯಾಗು ತೊಡೆಯ ಮೇಲೆ, ಬೆನ್ನು ಸೀಟಿಗೆ ತಾಗದ ಹಾಗೆ, ಭಾರವೆಲ್ಲ ಕಾಲಿನ ಮೇಲೆ ಹಾಕಿ, ತುದಿಯಲ್ಲಿ.

"ಒರಗಿ ಕೂತ್ಕೋ ಪುಟ್ಟೀ."

"ಪರವಾಗಿಲ್ಲಪ್ಪ. ಹೀಗೇ ಆರಾಮಾಗಿದೆ."

ಮುಕ್ತಾಯ ಮೂರು: ಅವಳು ಒರಗುತ್ತಾಳೆ. ಇದಕ್ಕಾಗಿ ಬಹಳ ಹೆಣಗಿದೆ. ಒರಗಿದಳು ಎಂದು ಬರೆಯುತ್ತೇನೆ, ತಿರುಗಿ ಓದಿದರೆ ತುದಿಯಲ್ಲೇ ಇದ್ದಾಳೆ. ಲೇಖಕನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಅವಳಿಗೆ ಕೋಪವೇನೂ ಇಲ್ಲ, ಅದೇ ನನಗೆ ಸಂಕಟ. ಕೋಪವಿದ್ದಿದ್ದರೆ ಜಗಳವಾಡಿಸಿ ಅಳಿಸಿ ಇಬ್ಬರನ್ನೂ ಒಂದು ಮಾಡಬಹುದಿತ್ತು. ಅವಳು ಪರರ ಮನೆಗೆ ಬಂದವಳ ಹಾಗೆ ಜಾಗ್ರತೆಯಾಗಿದ್ದಾಳೆ, ಅಷ್ಟೇ.

ಡಾಕ್ಟರು ಸ್ಟೀರಿಂಗ್ ಹಿಡಿದು ನನ್ನ ಕಡೆ ನೋಡುತ್ತಿದ್ದಾರೆ. "ಏನಾದ್ರೂ ಮಾಡ್ರೀ."

ಮಾಡಲು ನನಗೆ ಉಳಿದಿರುವುದು ಒಂದೇ. ಕಥೆ ಮುಗಿಸಿದರೆ ಅವಳು ಇಳಿದು, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡುತ್ತಾಳೆ. ಅದಕ್ಕೇ ಮುಗಿಸುತ್ತಿಲ್ಲ.