ಅಳಿಸದೆ ಸೇರಿಸಿದ ಡಿಸ್ಕುಗಳು

ಯಲಹಂಕದ ಆ ರಕ್ತಪರೀಕ್ಷಾ ಕೇಂದ್ರದಲ್ಲಿ ಕಂಪ್ಯೂಟರ್ ಕೋಣೆಯ ಉಸ್ತುವಾರಿ ಬಾಲರಾಜನದು. ಮಾರ್ಚಿನಲ್ಲಿ ಎಸಿ ಕೆಟ್ಟು ಕಾವೇರಿದಾಗ ಕಳಚಿಟ್ಟಿದ್ದ ನಾಲ್ಕು ಡಿಸ್ಕುಗಳು ಬೀರುವಿನಲ್ಲೇ ಬಿದ್ದಿದ್ದವು. ಆಯುಧಪೂಜೆಯ ದಿನ ಭಕ್ತಿ ಉಕ್ಕಿ ಅವಕ್ಕೂ ಅರಿಶಿನ ಕುಂಕುಮ ಇಟ್ಟ. ಕಳಚಿದ ತಾರೀಖಿದ್ದ ಹಳೇ ಚೀಟಿಗಳು ನೆನೆದು ಹಾಳಾದವು. ಹೊಸ ಚೀಟಿ ಅಂಟಿಸಿ, ಒಳ್ಳೇ ದಿನ ಅಂತ ಅವತ್ತಿನ ತಾರೀಖನ್ನೇ ಮುದ್ದಾಗಿ ಬರೆದ. ಈ ಬುದ್ಧಿವಂತಿಕೆಗೆ ಏನೆನ್ನೋಣ.

ಅಲ್ಲಿ ಪ್ರತಿ ವರದಿಯೂ ಮೂರು ಡಿಸ್ಕುಗಳಲ್ಲಿರುತ್ತಿತ್ತು. ಒಂದರಲ್ಲಿರುವುದು ಉಳಿದವುಗಳಲ್ಲಿ ಕಾಣದಿದ್ದರೆ, ಕಳೆದುಹೋಗಿದೆಯೆಂದು ಯಂತ್ರ ತಾನೇ ನಕಲು ಮಾಡಿಬಿಡುತ್ತಿತ್ತು. ಅದಕ್ಕೇ ತಿಂಗಳಿಗಿಂತ ಹೆಚ್ಚು ಹೊರಗಿದ್ದ ಡಿಸ್ಕನ್ನು ಪೂರ್ತಿ ಅಳಿಸಿಯೇ ಸೇರಿಸಬೇಕು. ಇಲ್ಲದಿದ್ದರೆ ಬೇಡವೆಂದು ತೆಗೆದುಹಾಕಿದ್ದೆಲ್ಲ ಎದ್ದು ಕೂರುತ್ತದೆ.

ಹಬ್ಬವಾಗಿ ಹದಿನೈದು ದಿನಕ್ಕೆ ಜಾಗ ತುಂಬಿ, ಹೊಸ ವರದಿ ಒಂದೂ ಒಳಗೆ ಹೋಗದಾಯಿತು. ಮ್ಯಾನೇಜರ್ ರಘುನಾಥ್ ತಲೆಯ ಮೇಲೆ ನಿಂತು ಅವಸರಪಡಿಸಿದರು. ಬಾಲರಾಜ ಚೀಟಿ ನೋಡಿದ, ಅದು ಪೂಜೆಯ ತಾರೀಖೆಂಬುದು ಗಡಿಬಿಡಿಯಲ್ಲಿ ಮರೆತು ಹದಿನೈದೇ ದಿನ ಅಂದುಕೊಂಡ, ನಾಲ್ಕನ್ನೂ ಹಾಗೇ ಸೇರಿಸಿದ.

ಗಂಟೆಯೊಳಗೆ ಫೋನುಗಳು ಶುರುವಾದವು. ಮಾರ್ಚಿನಲ್ಲಿ ಪರೀಕ್ಷೆಯ ಕಿಟ್ ಕೆಟ್ಟು ಹನ್ನೊಂದು ಬಸುರಿಯರಿಗೆ ಎಚ್‌ಐವಿ ಇದೆಯೆಂದು ಸುಳ್ಳು ವರದಿ ಬಂದಿತ್ತು. ಯಾರ ಕೈಗೂ ಹೋಗುವ ಮೊದಲೇ ಅಳಿಸಿ, ಮತ್ತೆ ಪರೀಕ್ಷಿಸಿ, ಸರಿಯಾದದ್ದು ಕೊಟ್ಟಿದ್ದರು. ಅಳಿಸುವ ಹೊತ್ತಿಗೆ ಈ ಡಿಸ್ಕುಗಳು ಬೀರು ಸೇರಿದ್ದರಿಂದ ಇವುಗಳಲ್ಲಿ ಮಾತ್ರ ಅವು ಹಾಗೇ ಉಳಿದಿದ್ದವು. ಈಗ ಆ ಹನ್ನೊಂದನ್ನೂ ಹೊಸ ವರದಿಗಳೆಂದುಕೊಂಡು ಯಂತ್ರ ತಾನೇ ಮೊಬೈಲುಗಳಿಗೆ ಕಳಿಸಿಬಿಟ್ಟಿತ್ತು. ಬಾಲರಾಜ ಕಂಪ್ಯೂಟರ್ ಕೋಣೆಗೆ ಓಡಿದ. ಡಿಸ್ಕುಗಳನ್ನು ಕಿತ್ತ. ಕಿತ್ತರೆ ಹೋದ ಮೆಸೇಜು ವಾಪಸು ಬರುತ್ತದೆಯೇ?

ಒಬ್ಬೊಬ್ಬರಿಗೂ ಫೋನು ಹಚ್ಚಿದ, ಬೈಸಿಕೊಂಡ, ಅಂಗಲಾಚಿದ. ಹತ್ತು ಮಂದಿ ನಂಬಿದರು. ಹನ್ನೊಂದನೆಯವಳು ರಾಜಾನುಕುಂಟೆಯ ನಯನಾ, ಈಗ ಹಸುಗೂಸಿನ ತಾಯಿ. ಆ ಕಡೆಯ ಸೊಸೆಯಂದಿರೆಲ್ಲ ಬರೆಸುವಂತೆ ಅವಳೂ ಮನೆಯ ಯಜಮಾನರ ನಂಬರನ್ನೇ ಬರೆಸಿದ್ದಳು. ಎತ್ತಿದ್ದು ಮಾವ ದೊಡ್ಡಮುನಿಯಪ್ಪ.

"ಚಿಕ್ಕ ಮಗನ ಕೈಲಿ ಓದಿಸ್ದೆ. ಅವುಳ್ನ ತೌರಿಗೆ ಓಗು ಅಂದ್ವಿ. ಕೂಸು ನಮ್ ಮನೇದು, ಇಲ್ಲೇ ಇರ್ತದೆ."

ತಪ್ಪು ನಮ್ಮದು, ಆಯಮ್ಮನಿಗೆ ಏನೂ ಇಲ್ಲ ಎಂದು ಬಾಲರಾಜ ಬಡಬಡಿಸಿದ. ಇವರು ಮುಚ್ಚಿಹಾಕಲು ನೋಡುತ್ತಿದ್ದಾರೆ ಎಂದುಕೊಂಡನೋ ಏನೋ, ಮುದುಕ ಫೋನಿಟ್ಟ.

ಸರಿಯಾದ ವರದಿಯ ಪ್ರತಿ ತೆಗೆದುಕೊಂಡು ಬಾಲರಾಜ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬೈಕು ಓಡಿಸಿದ. ಲಾರಿಗಳ ನಡುವೆ ನುಗ್ಗುವಾಗ, ನನ್ನನ್ನೇ ಒಂದು ಗುದ್ದಿಬಿಡಬಾರದೇ ಅನ್ನಿಸಿತು. ರಾಜಾನುಕುಂಟೆಯ ಬಸ್‌ಸ್ಟಾಪಿನಲ್ಲಿ ಒಂದು ಹೆಣ್ಣು ಬಟ್ಟೆಯ ಗಂಟು ತಬ್ಬಿಕೊಂಡು ಕೂತಿತ್ತು. ರವಿಕೆಯ ಮುಂಭಾಗ ಹಾಲಿಗೆ ಒದ್ದೆಯಾಗಿತ್ತು. ಹೆಸರು ಕೇಳಿದ. ನಯನಾಳೇ.

ಅವನು ನಡೆದದ್ದನ್ನೆಲ್ಲ ಹೇಳಿ, ಎಲ್ಲಾ ನನ್ನಿಂದಲೇ ಆದದ್ದು ಎಂದು ಕಾಗದ ಚಾಚಿದ. ಅವಳು ಮುಟ್ಟಲಿಲ್ಲ.

"ಇದು ನಂಗ್ಯಾಕಣ್ಣ? ನಂಗೇನೂ ಇಲ್ಲ ಅಂತ ನಾನಂದೆ, ಕಾಲಿಡ್ಕೊಂಡೆ. ನನ್ನ ಗಂಡ ಅಲ್ಲೇ ನಿಂತಿದ್ದ. ಒಂದ್ ಮಾತಾಡ್ಲಿಲ್ಲ."

ಬಾಲರಾಜ ಬೈಕು ತಿರುಗಿಸಿದ. ಬಾರಮ್ಮ, ನಾನೇ ಬಂದು ಅವರಿಗೆಲ್ಲ ತಿಳಿಸಿ ಹೇಳುತ್ತೇನೆ, ನಿನ್ನ ಮನೆಗೆ ನೀನು ಹೋಗು ಎಂದ.

"ಕೂಸಿಗೆ ಅಸಿವಾಗಿರ್ತದೆ, ಅದ್ಕೆ ಬತ್ತೀನಿ," ಎಂದು ಅವಳು ಎದ್ದಳು. "ಅದುನ್ನ ಎತ್ಕೊಂಡ್ಮೇಲೆ ನನ್ನ ತೌರಿನ ಬಸ್ಸಿಗೇ ಬಿಡು. ನಂಬೋಕೆ ಕಾಗದ ಬೇಕು ಅನ್ನೋ ಮನೇಲಿ ನಾನಿರಾಕಿಲ್ಲ."