ಬೀಗರ ಹುಡುಗನ ಮರ್ಯಾದೆ

“ಮುದುಕನ್ನ ಕರ್ಕೊಂಡು ಬಾ. ಬಾಯಿ ಮಾತ್ರ ಬಿಡಬೇಡ,” ಎಂದು ಹೇಳಿ ಹಿರಿಯರು ಎಲ್ದೋಸ್‌ನನ್ನು ಕಾಡಿಗೆ ಅಟ್ಟಿದ್ದರು.

ಗಣಿಯ ಆಳದಲ್ಲಿ ಬಂಡೆ ಕುಸಿದು ಅವನ ಅಕ್ಕನ ಗಂಡ ಜಸುಲಾನ್ ಸತ್ತಿದ್ದ. ಜಸುಲಾನನ ಅಪ್ಪ ಕನಾಪಿಯಾ ಮೇಲಿನ ಹುಲ್ಲುಗಾವಲಿನಲ್ಲಿ ಕುದುರೆಗಳ ಜೊತೆ ಒಬ್ಬನೇ ಇದ್ದ. ಅಲ್ಲಿಗೆ ಫೋನೂ ಇಲ್ಲ, ಮಣ್ಣೂ ಇಲ್ಲ. ಮಗ ಸತ್ತ ಸುದ್ದಿಯನ್ನು ಒಬ್ಬಂಟಿ ಅಪ್ಪನ ಮುಖಕ್ಕೆ ಪಟ್ಟನೆ ಹೇಳಿಬಿಡುವುದು ಅವರ ಜನರಲ್ಲಿ ಮಹಾ ತಪ್ಪು. ಮನೆಗೆ ಕರೆತಂದು, ನಾಲ್ಕು ಜನ ಸುತ್ತ ಕೂತು, ಮಾತು ಬಲ್ಲ ಹಿರಿಯನೊಬ್ಬ ಎಲ್ಲಿಂದಲೋ ಶುರುಮಾಡಿ ಮೆಲ್ಲಗೆ ಅಲ್ಲಿಗೆ ತರಬೇಕು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಣ ಮಣ್ಣು ಮಾಡುವುದು. ಅಷ್ಟರಲ್ಲಿ ಮುದುಕ ಏನೂ ತಿಳಿಯದೆ ಮನೆ ಮುಟ್ಟಬೇಕು, ಇಷ್ಟೇ ಎಲ್ದೋಸ್‌ನ ಕೆಲಸ.

ಇಷ್ಟೇ ಅಂತೆ! ಹೇಳುವವರಿಗೇನು, ಹೇಳಿಬಿಟ್ಟರು. ಪಕ್ಕಕ್ಕೆ ಒಬ್ಬರು ಕೂರುವಂಥ ತೊಟ್ಟಿಲು ಜೋಡಿಸಿದ ಉರಾಲ್ ಮೋಟಾರ್ ಸೈಕಲ್ಲು ಅವನ ಹತ್ತಿರ ಇತ್ತು, ಆ ಕೆಸರು ದಾರಿಯನ್ನು ಅದೊಂದೇ ಹತ್ತುತ್ತಿತ್ತು, ಅದಕ್ಕೇ ಅವನು ಸಿಕ್ಕಿಬಿದ್ದ. ಆ ಗಾಡಿಯ ಕ್ಲಚ್ಚು ಬಿಡುವುದನ್ನು ಕಲಿಸಿದವನೇ ಜಸುಲಾನ್. ಭಾವ ಅಂದರೆ ಹುಡುಗನಿಗೆ ಪ್ರಾಣ. ಆದರೂ ಅವನಿಗೆ ಅಳುವುದಕ್ಕೆ ಬಿಡುವೇ ಸಿಕ್ಕಿರಲಿಲ್ಲ. ಕಣ್ಣು ಕೆಂಪಾದರೆ ಮುದುಕ ಗುರುತು ಹಿಡಿದಾನು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದ.

ಅವರ ನಂಟಿನ ಸಂಗತಿಯನ್ನೂ ಹೇಳಬೇಕು. ಬೀಗರು ಬೀಗರನ್ನು ಕಾಡಿಸದಿದ್ದರೆ ಅದು ನಂಟೇ ಅಲ್ಲ. ಜಸುಲಾನನ ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಕನಾಪಿಯಾ ಮಲಗಿದ್ದಾಗ ಅವನ ಕೋಟನ್ನು ಹಾಸಿಗೆಗೆ ಸೇರಿಸಿ ಹೊಲಿದುಬಿಟ್ಟಿದ್ದರು. ಸೂಜಿಗೆ ದಾರ ಪೋಣಿಸಿ ಕೊಟ್ಟವನು ಇದೇ ಎಲ್ದೋಸ್. ಅಂದಿನಿಂದ ಇಬ್ಬರಿಗೂ ಜಿದ್ದು. ಮುದುಕ ಹುಡುಗನ ಹೆಲ್ಮೆಟ್ಟಿನೊಳಗೆ ಕಪ್ಪೆ ಬಿಟ್ಟ. ಹುಡುಗ ಮುದುಕನ ಬೂಟಿಗೆ ಹುಳಿಮೊಸರು ಸುರಿದ. ಕಂಡ ಕೂಡಲೇ ಬೈಗುಳ, ಆಮೇಲೆ ಕುಶಲ.

ಅವತ್ತು ಬೆಳಿಗ್ಗೆ ಕನಾಪಿಯಾ ಗುಡಿಸಲ ಮುಂದೆ ಕೂತು ಒಂದು ಪುಟ್ಟ ಮರದ ಜೀನಿಗೆ ಕಂಬಳಿ ಹೊಲಿಯುತ್ತಿದ್ದ. ಜಸುಲಾನನ ಮಗನನ್ನು, ತನ್ನ ಮೊಮ್ಮಗನನ್ನು, ಮೊದಲ ಸಲ ಕುದುರೆ ಹತ್ತಿಸುವುದಕ್ಕೆ ಮಾಡಿದ ಜೀನು.

“ಬಂದ ನೋಡು ಕುದುರೆಕಳ್ಳ!” ಮುದುಕ ದೂರದಿಂದಲೇ ಕೂಗಿದ. “ನಿಮ್ಮಪ್ಪನ ಮನೇಲಿ ಹಿಟ್ಟು ಖಾಲಿ ಆಯ್ತೇನೋ? ನನ್ನ ತಲೆ ತಿನ್ನೋಕೆ ಬಂದ್ಯಾ?”

ಎಲ್ದೋಸ್ ಗಾಡಿ ಇಳಿದ. ಟೋಪಿ ತೆಗೆದ. ಎರಡೂ ಕೈಯಲ್ಲಿ ಮುದುಕನ ಕೈ ಹಿಡಿದು, “ಸಲಾಂ ತಾತ. ಆರೋಗ್ಯವಾಗಿದ್ದೀರಾ?” ಎಂದ.

ಮುದುಕನ ಸೂಜಿ ಕಂಬಳಿಯಲ್ಲೇ ನಿಂತಿತು. ಹುಡುಗನ ಮುಖವನ್ನೊಮ್ಮೆ ನೋಡಿದ. ಒಳಗೆ ಹೋಗಿ ಹಾಲು ಹಾಕಿದ ಚಹಾ ತಂದ. ಎಲ್ದೋಸ್ ತಲೆ ತಗ್ಗಿಸಿಕೊಂಡು ಕುಡಿದ, ಎದ್ದು ಬಟ್ಟಲನ್ನು ತೊಳೆದಿಟ್ಟ. ಏನಂತ ಶುರುಮಾಡಲಿ?

“ಏನೋ,” ಎಂದ ಮುದುಕ, ಜೀನಿನ ಕಡೆಗೇ ನೋಡುತ್ತ. “ಮೊಮ್ಮಗನ್ನ ಕುದುರೆ ಹತ್ಸೋ ಹಬ್ಬ ಗೊತ್ತು ಮಾಡಿದ್ರಾ? ಅದಕ್ಕೇ ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ?”

“ಹೂಂ ತಾತ. ಅದಕ್ಕೇ.”

ಅಯ್ಯೋ, ಹೇಳಿದ ಮೇಲೆ ಗೊತ್ತಾಯಿತು ಎಂಥ ಮಾತು ಆಡಿದೆ ಎಂದು. ಕಾಯಿಲೆ ಅನ್ನಬಹುದಿತ್ತು, ಕಾಲು ಮುರಿದಿದೆ ಅನ್ನಬಹುದಿತ್ತು. ಸಾವಿನ ಮನೆಗೆ ಮುದುಕನನ್ನು ಹಬ್ಬಕ್ಕೆ ಕರೆದಂತಾಯಿತಲ್ಲ! ಹುಡುಗ ತನ್ನ ನಾಲಿಗೆಗೆ ಹಿಡಿಶಾಪ ಹಾಕಿಕೊಂಡ. ಆದರೆ ಆಡಿದ ಮಾತನ್ನು ವಾಪಸು ನುಂಗುವುದು ಹೇಗೆ?

ಕನಾಪಿಯಾ ಆತುರ ಮಾಡಲಿಲ್ಲ. ಒಲೆಗೆ ನೀರು ಸುರಿದು ಕೆಂಡವನ್ನು ಪೂರ್ತಿ ಆರಿಸಿದ. ಕುದುರೆಗಳ ಕಾಲ್ಕಟ್ಟು ಬಿಚ್ಚಿ ಹುಲ್ಲಿಗೆ ಬಿಟ್ಟ. ತೊರೆಯ ಹತ್ತಿರ ಕೂತು ಬಹಳ ಹೊತ್ತು ಕೈಕಾಲು ಮುಖ ತೊಳೆದ. ಆಮೇಲೆ ಒಳ್ಳೆಯ ಕೋಟು ತೊಟ್ಟು, ಪುಟ್ಟ ಜೀನನ್ನು ಎದೆಗವಚಿಕೊಂಡು ತೊಟ್ಟಿಲಲ್ಲಿ ಕೂತ. ಹಬ್ಬದ ಸಡಗರ ಎಂದುಕೊಂಡ ಎಲ್ದೋಸ್ ಮುಖ ತಿರುಗಿಸಿಕೊಂಡು ಗಾಡಿ ಶುರುಮಾಡಿದ.

ದಾರಿ ಇಳಿಜಾರು. ಎರಡೂ ಕಡೆ ಲಾರ್ಚ್ ಮರಗಳು ಹಳದಿಯಾಗಿದ್ದವು, ಗಾಳಿ ಬೀಸಿದರೆ ಸಣ್ಣ ಎಲೆಗಳು ಮುದುಕನ ಟೋಪಿಯ ಮೇಲೆ, ಜೀನಿನ ಮೇಲೆ ಉದುರುತ್ತಿದ್ದವು. ಮುದುಕ ಅವನ್ನು ಕೊಡವಲಿಲ್ಲ. ಎಲ್ದೋಸ್ ಮೆಲ್ಲಗೇ ಓಡಿಸುತ್ತಿದ್ದ. ಹೊತ್ತಿಗೆ ತಲುಪಲೇಬೇಕು, ಆದರೆ ತಲುಪುವುದು ಬೇಡವೇ ಬೇಡ ಅನ್ನಿಸುತ್ತಿತ್ತು.

ಮರದ ಸೇತುವೆ ದಾಟಿದ ಮೇಲೆ ಮುದುಕನೇ ಮಾತು ತೆಗೆದ.

“ನಮ್ಮ ಮುದುಕಿ ಹೋದಾಗ ನಿನ್ನ ಭಾವ ಹೆಂಗೆ ಬಂದ, ನೆನಪಿದೆಯೇನೋ?”

ನೆನಪಿಲ್ಲದೆ ಏನು. ಸತ್ತವರ ಮನೆಗೆ ಗಂಡಸರು ಮೆಲ್ಲಗೆ ಬರುವುದಿಲ್ಲ. ಊರ ಅಂಚಿನಿಂದಲೇ ಕುದುರೆಯನ್ನು ನಾಗಾಲೋಟಕ್ಕೆ ಬಿಟ್ಟು, ಸತ್ತವರನ್ನು ಕೂಗಿ ಕೂಗಿ ಅಳುತ್ತ ನುಗ್ಗಬೇಕು. ಜಸುಲಾನ್ ಗಣಿಯಿಂದ ನೇರ, ಆಗ ಅವನದೇ ಆಗಿದ್ದ ಇದೇ ಉರಾಲ್ ಮೇಲೆ ಬಂದಿದ್ದ. ‘ಅಮ್ಮಾ’ ಎಂದು ಕಿರಿಚುತ್ತ ಬಂದವನಿಗೆ ಕಣ್ಣೀರಲ್ಲಿ ಬೇಲಿ ಕಾಣಲಿಲ್ಲ. ಬೇಲಿ ಮುರಿದು, ಆಲೂಗಡ್ಡೆ ಮಡಿಯೊಳಗೆ ಹೋಗಿ ಬಿದ್ದ.

“ಹೆಣ ಒಳಗೆ ಮಲಗಿದೆ, ಅಳೋ ಹೆಂಗಸರೆಲ್ಲ ನಗ್ತಿದಾರೆ!” ಮುದುಕ ಹೇಳಿದ. “ನಾನೂ ನಕ್ಕೆ ಕಣೋ. ಅವಳು ಬದುಕಿದ್ದಿದ್ರೆ ಅವಳೇ ಮೊದಲು ನಗೋಳು. ಬಾಯ್ತುಂಬ ಮಣ್ಣು ನನ್ನ ಕುದುರೆಮರಿಗೆ.”

ಮಗನಿಗೆ ಮೂವತ್ತು ದಾಟಿದರೂ ಮುದುಕ ಕರೆಯುತ್ತಿದ್ದುದು ಹಾಗೇ, ಕುದುರೆಮರಿ. ಎಲ್ದೋಸ್ ನಗಲು ನೋಡಿದ. ಬಂದದ್ದು ಕೆಮ್ಮು.

“ಧೂಳು, ತಾತ.”

“ನಿನ್ನೆ ಮಳೆ ಬಂದಿದೆ,” ಎಂದ ಮುದುಕ.

ಕಾಡು ಮುಗಿದು ಕಡಿದ ಮರಗಳ ಬೊಡ್ಡೆಗಳು ಶುರುವಾದವು, ಆಮೇಲೆ ಗಣಿಯ ಕಲ್ಲುಗುಡ್ಡೆಗಳು. ಅವುಗಳ ಬುಡದಲ್ಲಿ ಸೀಸದ ಬಣ್ಣದ ಕೆರೆ. ಅದರ ಮೇಲೆ ಹಕ್ಕಿ ಕೂಡ ಇಳಿಯುವುದಿಲ್ಲ. ರೈಲು ಗೇಟು ಹಾಕಿತ್ತು. ಅದಿರು ಲಾರಿಗಳ ಸಾಲಿನಿಂದ ಪ್ರೋಖೋರ್ ಎಂಬ ಡ್ರೈವರ್ ಇಳಿದು ಬಂದ. ಜಸುಲಾನನ ಗೆಳೆಯ, ಬಾಯಿಗೆ ಬೀಗವಿಲ್ಲದ ರಷ್ಯನ್. ಹುಡುಗ ಮುದುಕನ ಬೆನ್ನ ಹಿಂದಿನಿಂದ ತಲೆ ಅಲ್ಲಾಡಿಸಿದ, ಕಣ್ಣಲ್ಲೇ ಕೈಮುಗಿದ.

ಪ್ರೋಖೋರ್ ತಡೆದು ನಿಂತ. ಟೋಪಿ ತೆಗೆದು ಮುದುಕನ ಹೆಗಲನ್ನು ಒಮ್ಮೆ ಗಟ್ಟಿಯಾಗಿ ಒತ್ತಿದ, ತನ್ನ ಬುತ್ತಿಯ ಅರ್ಧ ರೊಟ್ಟಿಯನ್ನು ಅವನ ಮಡಿಲಲ್ಲಿಟ್ಟು ಲಾರಿಗೆ ವಾಪಸಾದ.

“ಪ್ರೋಖೋರ್‌ಗೆ ಏನೋ ಬಂದಿದೆ ಇವತ್ತು,” ಎಂದ ಮುದುಕ. “ಮಾತೇ ಇಲ್ಲ.”

“ಹಲ್ಲುನೋವಂತೆ ತಾತ.”

“ಹೂಂ. ಎಲ್ರಿಗೂ ಹಲ್ಲುನೋವು.”

ಗೇಟು ತೆಗೆಯಿತು. ಕೊನೆಯ ದಿಣ್ಣೆ ಹತ್ತಿದರೆ ಕೆಳಗೆ ಊರು: ಗಣಿಯ ಕಬ್ಬಿಣದ ಗೋಪುರ, ಅದರ ಆಚೆ ಜಸುಲಾನನ ಮನೆ, ಅಂಗಳದಲ್ಲಿ ಕಪ್ಪಗೆ ಜನ. ಮುದುಕ ನೋಡದಿರಲಿ ಎಂದು ಎಲ್ದೋಸ್ ಗಾಡಿಯನ್ನು ಬಳಸುದಾರಿಗೆ ತಿರುಗಿಸಹೋದ.

“ನಿಲ್ಸು.”

ನಿಲ್ಲಿಸಿದ. ಎಂಜಿನ್ ಗುಟುರು ಹಾಕುತ್ತಲೇ ಇತ್ತು.

“ಯಾವಾಗ ಹೋದ?” ಎಂದು ಕನಾಪಿಯಾ ಕೇಳಿದ.

“ತಾತ, ನಾನು... ನಾನೇನೂ ಹೇಳಿಲ್ಲ...”

“ನೀನು ಟೋಪಿ ತೆಗೆದಾಗ್ಲೇ ಹೇಳಿದೆ ಕಣೋ. ಇಷ್ಟು ವರ್ಷದಲ್ಲಿ ನೀನು ನನಗೆ ತಾತ ಅಂದಿದ್ದುಂಟಾ? ಮುದಿಗೂಬೆ ಅಂತೀಯ, ಮೋಟುಗಡ್ಡ ಅಂತೀಯ. ಬೀಗರ ಹುಡುಗ ಮರ್ಯಾದೆ ಕೊಟ್ಟು, ಬಟ್ಟಲು ಬೇರೆ ತೊಳೆದಿಟ್ಟ ಅಂದ್ರೆ ನನ್ನ ಮನೇಲಿ ಯಾರೋ ಸತ್ತಿದಾರೆ ಅಂತಲೇ.”

“ಮತ್ತೆ ಹಬ್ಬ ಅಂತ ನೀವೇ...”

“ನಾನೇ ಅಂದೆ. ನಿನಗೆ ಸುಳ್ಳು ಹೇಳೋಕೆ ಬರಲ್ಲ, ಪಾಪ. ಅಲ್ಲೇ ನಿಜ ಕೇಳಿಬಿಟ್ಟಿದ್ರೆ ನಾನು ಗಾಡಿ ಹತ್ತೋನಲ್ಲ, ಅಲ್ಲೇ ಬಿದ್ದಿರ್ತಿದ್ದೆ. ಯಾರು ಅಂತ ದಾರೀಲಿ ತಿಳ್ಕೊಳ್ಳೋಣ ಅಂದ್ಕೊಂಡೆ. ಅವನ ಹೆಸರು ತೆಗೆದೆ, ನೀನು ಕೆಮ್ಮಿದೆ.”

ಮುದುಕ ಜೀನಿನ ಮೇಲಿದ್ದ ಹಳದಿ ಎಲೆಗಳನ್ನು ಈಗ ಒಂದೊಂದಾಗಿ ತೆಗೆದ.

“ಮೊನ್ನೆ,” ಎಂದ ಎಲ್ದೋಸ್. “ಬಂಡೆ ಬಿತ್ತು. ನರಳಲಿಲ್ಲ ಅಂತಾರೆ.”

“ಹಂಗೇ ಅಂತಾರೆ.” ಮುದುಕ ಒಂದು ಗಳಿಗೆ ಕಣ್ಣು ಮುಚ್ಚಿದ. “ಒಂದ್ಸಲ ಬೈಯೋ ನನ್ನ. ಬೆಳಗಿಂದ ಕಾಯ್ತಿದೀನಿ. ಈ ನಿನ್ನ ಮರ್ಯಾದೆ ತಡ್ಕೊಳ್ಳೋಕೆ ಆಗ್ತಿಲ್ಲ ಕಣೋ.”

“ಮುದಿಗೂಬೆ,” ಎನ್ನಹೋದ ಎಲ್ದೋಸ್. ಅರ್ಧಕ್ಕೇ ಅಳು ಒಡೆಯಿತು. ಎರಡು ದಿನದಿಂದ ಕಚ್ಚಿ ಹಿಡಿದಿದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು, ಪೆಟ್ರೋಲ್ ಟ್ಯಾಂಕಿನ ಮೇಲೆ ಹಣೆಯಿಟ್ಟು ಹುಡುಗ ಬಿಕ್ಕಿದ. ಮುದುಕ ಕೈ ಚಾಚಿ ಅವನ ಕತ್ತಿನ ಪಟ್ಟಿ ಹಿಡಿದು ಎಬ್ಬಿಸಿದ.

“ಏಳು. ಸುತ್ತು ಬಳಸಿ ಕಳ್ಳನ ಥರ ಹೋಗೋದು ಬೇಡ. ನೇರ ಬಿಡು. ಎಷ್ಟು ಓಡುತ್ತೋ ಅಷ್ಟೂ ಓಡ್ಸು.”

ಎಲ್ದೋಸ್ ಆಕ್ಸಿಲರೇಟರ್ ತಿರುವಿದ. ಉರಾಲ್ ದಿಣ್ಣೆಯಿಂದ ಹಾರಿದಂತೆ ಇಳಿಯಿತು. ಮುದುಕ ತೊಟ್ಟಿಲಲ್ಲಿ ಎದ್ದು ನಿಂತ, ಒಂದು ಕೈಯಲ್ಲಿ ಜೀನು, ಇನ್ನೊಂದು ಹುಡುಗನ ಹೆಗಲ ಮೇಲೆ. ಊರಿನ ಮೊದಲ ಮನೆ ಬರುತ್ತಿದ್ದಂತೆ ಬಾಯಿ ತೆರೆದು ಕೂಗಿದ:

“ನನ್ನ ಕುದುರೆಮರೀ! ನನ್ನ ಕುದುರೆಮರೀ!”

ಎಂಜಿನ್ನಿನ ಸದ್ದನ್ನೂ ಮೀರಿದ ಕೂಗು. ನಾಯಿಗಳು ಬದಿಗೆ ಸರಿದವು, ಬಾಗಿಲುಗಳು ತೆರೆದವು. “ಭಾವಾ!” ಎಂದು ಎಲ್ದೋಸ್ ಕೂಡ ಕೂಗಿದ. ಕಣ್ಣೀರಲ್ಲಿ ದಾರಿ ಕಾಣುತ್ತಿರಲಿಲ್ಲ, ಬೇಲಿಯ ಎರಡು ಹೊಸ ಹಲಗೆ ಮಾತ್ರ ಕಂಡವು. ಅಮ್ಮ ಸತ್ತಾಗ ಭಾವ ಮುರಿದಿದ್ದ ಜಾಗಕ್ಕೆ ಆಮೇಲೆ ಅವನೇ ಹೊಡೆದ ಹಲಗೆಗಳು. ಅವುಗಳ ಪಕ್ಕದಿಂದ, ತೆರೆದ ಗೇಟಿನೊಳಗೆ ಗಾಡಿ ನುಗ್ಗಿತು.

ಮಾತು ಬಲ್ಲ ಹಿರಿಯ ಮೆಟ್ಟಿಲಿಳಿದು ಬಂದಿದ್ದ. ರಾತ್ರಿಯೆಲ್ಲ ಹೊಂದಿಸಿಟ್ಟಿದ್ದ ಮಾತುಗಳು ಅವನ ಬಾಯಲ್ಲೇ ಉಳಿದವು. ಸಾವಿನ ಮನೆಯ ಪದ್ಧತಿಯಂತೆ ಬಾಗಿಲ ಬಳಿ ಕೋಲೂರಿ ನಿಂತಿದ್ದ ಗಂಡಸರು ದಾರಿ ಬಿಟ್ಟರು. ಒಳಗಿನಿಂದ ಎಲ್ದೋಸ್‌ನ ಅಕ್ಕ ರೌಶಾನಳ ಅಳು ಕೇಳಿಸುತ್ತಿತ್ತು.

ಕನಾಪಿಯಾ ತೊಟ್ಟಿಲಿನಿಂದ ಇಳಿಯಲು ಹೋದ, ಕಾಲು ಬರಲಿಲ್ಲ. ಜೀನನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಚಾಚಿದ.

“ಹಿಡ್ಕೊಳ್ಳೋ ಕುದುರೆಕಳ್ಳ,” ಎಂದ.

“ಹಿಡ್ಕೊಂಡಿದೀನಿ, ಮುದಿಗೂಬೆ,” ಎಂದ ಎಲ್ದೋಸ್. ಇಬ್ಬರೂ ಒಳಗೆ ಹೋದರು.